ಮಾರ್ಫಾ ಶಾಲೆಯ ಬಾವುಟದ ಕಂಬದ ಬುಡದಲ್ಲಿ ಹೂತದ್ದೇನು?

1954ನೇ ಇಸವಿ. ಅಮೆರಿಕದ ಟೆಕ್ಸಸ್ ರಾಜ್ಯದ ಮಾರ್ಫಾ ಅನ್ನೋ ಪುಟ್ಟ ಊರಿನ ಸರಕಾರಿ ಶಾಲೆಯಲ್ಲಿ ಒಂದು ಮಣ್ಣು ಮಾಡುವ ಕಾರ್ಯ ನಡೆಯಿತು. ಸತ್ತವರು ಯಾರೂ ಇರಲಿಲ್ಲ. ಮಕ್ಕಳ ಕೈಗೆ ಚೀಟಿ ಕೊಟ್ಟು, "ನಾನು ಸ್ಪ್ಯಾನಿಷ್ ಮಾತಾಡುವುದಿಲ್ಲ" ಅಂತ ಬರೆಸಿದರು. ಆ ಚೀಟಿಗಳನ್ನೆಲ್ಲ ಒಂದು ಸಿಗಾರ್ ಪೆಟ್ಟಿಗೆಗೆ ತುಂಬಿಸಿದರು. ಶಾಲೆಯ ಬಾವುಟದ ಕಂಬದ ಹತ್ತಿರ ಗುಂಡಿ ತೋಡಿ, ಮಕ್ಕಳೆಲ್ಲ ಸುತ್ತ ನಿಂತಿರುವಾಗ ಪೆಟ್ಟಿಗೆಯನ್ನು ಮಣ್ಣು ಮಾಡಿದರು. ಹೂತವನಿಗೆ ಒಂದು ಹೆಸರೂ ಇಟ್ಟಿದ್ದರು: ಮಿಸ್ಟರ್ ಸ್ಪ್ಯಾನಿಷ್.

ಇದು ಕತೆಯಲ್ಲ ಗೆಳೆಯರೇ. ಆ ಶಾಲೆಯ ಹೆಸರು ಬ್ಲ್ಯಾಕ್‌ವೆಲ್ ಶಾಲೆ. ಅಲ್ಲಿ ಓದಿದವರು ಇವತ್ತೂ ಇದ್ದಾರೆ, ನೆನಪು ಮಾಡಿಕೊಂಡು ಹೇಳುತ್ತಾರೆ. ಆ ಕಟ್ಟಡ ಈಗ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣ.

"ಟೆಕ್ಸಸ್ ಎಲ್ಲಿ, ನಾವೆಲ್ಲಿ? ಗಡಿನಾಡ ಕನ್ನಡಿಗರ ಪೇಜಿನಲ್ಲಿ ಇದೆಲ್ಲ ಯಾಕೆ?" ಅಂತ ಕೇಳೋರು ಕೇಳಲಿ. ಮೊದಲು ಪೂರ್ತಿ ಓದಿ.

ಮಾರ್ಫಾ ಇರೋದು ಪಶ್ಚಿಮ ಟೆಕ್ಸಸ್‌ನ ಪ್ರೆಸಿಡಿಯೋ ಕೌಂಟಿಯಲ್ಲಿ. ಒಣ ಬಯಲು, ದನಗಳ ಸೀಮೆ. 1880ರ ದಶಕದಲ್ಲಿ ಹೊಗೆಬಂಡಿಗೆ ನೀರು ತುಂಬಿಸುವ ನಿಲ್ದಾಣವಾಗಿ ಹುಟ್ಟಿದ ಊರು. ಇವತ್ತಿಗೂ ಜನ ಎರಡು ಸಾವಿರ ದಾಟಿಲ್ಲ. ಅಲ್ಲಿಂದ ಮೆಕ್ಸಿಕೋ ಗಡಿಗೆ ಸುಮಾರು ನೂರು ಕಿಲೋಮೀಟರು. ಆ ನೆಲವೆಲ್ಲ ಒಂದು ಕಾಲಕ್ಕೆ ಮೆಕ್ಸಿಕೋದ್ದೇ. 1848ರ ಒಪ್ಪಂದದಲ್ಲಿ ರಿಯೋ ಗ್ರಾಂಡೆ ನದಿಯನ್ನು ಗಡಿ ಅಂತ ಒಪ್ಪಿಕೊಂಡಾಗ ನದಿಯ ಈಚೆ ಉಳಿದವರು ಕೂತಲ್ಲೇ ಬೇರೆ ದೇಶದವರಾದರು. "ನಾವು ಗಡಿ ದಾಟಲಿಲ್ಲ, ಗಡಿ ನಮ್ಮನ್ನು ದಾಟಿತು" ಅಂತ ಅಲ್ಲಿನ ಮೆಕ್ಸಿಕನ್ ಮೂಲದವರು ಹೇಳೋ ಮಾತಿದೆ. 1956ರ ನವೆಂಬರ್ 1ನ್ನು ನೆನೆಸಿಕೊಳ್ಳುವ ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಆದವಾನಿಯ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಾತು ಸರಿಯಾಗಿ ಹೇಳಿಬಿಡಬೇಕು. ಮಾರ್ಫಾದ ಸ್ಪ್ಯಾನಿಷ್ ಮನೆಗಳೆಲ್ಲ 1848ಕ್ಕಿಂತ ಹಳೆಯವಲ್ಲ. ಊರೇ ಆಮೇಲೆ ಹುಟ್ಟಿದ್ದು. 1910ರ ಮೆಕ್ಸಿಕೋ ಕ್ರಾಂತಿಯ ಗಲಾಟೆಗೆ ಹೆದರಿ ಗಡಿ ದಾಟಿ ಟೆಕ್ಸಸ್‌ಗೆ ಬಂದವರೂ ಬಹಳ. ಹಾಗಂತ ಹಳಬರ ಮಗುವಿಗೆ ಒಂದು ನ್ಯಾಯ, ಮೊನ್ನೆ ಬಂದವರ ಮಗುವಿಗೆ ಇನ್ನೊಂದು ನ್ಯಾಯವಾ? ಐದು ವರ್ಷದ ಕೂಸಿನ ಬಾಯಲ್ಲಿರೋ ಮಾತಿಗೆ ವಂಶಾವಳಿ ಕೇಳೋದು ಎಲ್ಲಿಯ ಪದ್ಧತಿ?

ಈಗ ಶಾಲೆಗೆ ಬರೋಣ. 1909ರಲ್ಲಿ ಹಸಿ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ಮೂರು ಕೋಣೆಯ ಕಟ್ಟಡ. ಊರವರ ಬಾಯಲ್ಲಿ ಅದು "ಮೆಕ್ಸಿಕನ್ ಶಾಲೆ". ಬಹುಕಾಲ ಮುಖ್ಯೋಪಾಧ್ಯಾಯರಾಗಿದ್ದ ಜೆಸ್ಸಿ ಬ್ಲ್ಯಾಕ್‌ವೆಲ್ ಅವರ ಹೆಸರನ್ನು 1940ರಲ್ಲಿ ಅದಕ್ಕೆ ಇಟ್ಟರು. ಚಿಕ್ಕ ಮಕ್ಕಳಿಂದ ಹಿಡಿದು ಜೂನಿಯರ್ ಹೈವರೆಗೆ, ಅಂದರೆ ನಮ್ಮ ಹಿರಿಯ ಪ್ರಾಥಮಿಕ, ಪ್ರೌಢಶಾಲೆಯ ಸುಮಾರಿನ ತರಗತಿಗಳವರೆಗೆ, ಊರಿನ ಮೆಕ್ಸಿಕನ್ ಮೂಲದ ಮಕ್ಕಳು ಅಲ್ಲೇ ಓದಬೇಕು. ಬಿಳಿಯರ ಮಕ್ಕಳಿಗೆ ಬೇರೆ ಶಾಲೆ. ಎರಡೂ ಒಂದೇ ಊರು, ಒಂದೇ ಸರಕಾರ.

ಇಲ್ಲೊಂದು ಸಂಗತಿ ಗಮನಿಸಿ. ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆ ಕೂರಿಸಿ ಅಂತ ಟೆಕ್ಸಸ್‌ನ ಕಾನೂನು ಹೇಳಿರಲಿಲ್ಲ. ಕರಿಯರ ಮಕ್ಕಳಿಗೆ ಅಂಥ ಕಾನೂನು ಇತ್ತು, ಇವರಿಗೆ ಇರಲಿಲ್ಲ. ಇವರನ್ನು ಬೇರೆ ಮಾಡಿದ್ದು ರೂಢಿ, ಊರಿನ ಶಾಲಾ ಮಂಡಳಿ. ಕಾರಣ ಕೇಳಿದರೆ ಸಿದ್ಧ ಉತ್ತರ: "ಪಾಪ, ಅವರಿಗೆ ಇಂಗ್ಲಿಷ್ ಬರೋದಿಲ್ಲ. ಅವರ ಒಳ್ಳೆಯದಕ್ಕೇ ಬೇರೆ ಶಾಲೆ."

ಒಳ್ಳೆಯದಕ್ಕೇ ಅಂತೆ! ಮಗು ಇಂಗ್ಲಿಷ್ ಕಲಿಯಬೇಕು ಅನ್ನೋದೇ ನಿಮ್ಮ ಆಸೆಯಾಗಿದ್ದರೆ ಇಂಗ್ಲಿಷ್ ಮಾತಾಡೋ ಮಗುವಿನ ಪಕ್ಕ ಕೂರಿಸಬೇಕಿತ್ತು. ಆರು ತಿಂಗಳಲ್ಲಿ ಆಟದ ಬಯಲಲ್ಲೇ ಕಲಿತುಬಿಡುತ್ತಿತ್ತು. ಸ್ಪ್ಯಾನಿಷ್ ಮಕ್ಕಳನ್ನೆಲ್ಲ ಒಂದೇ ಕಟ್ಟಡಕ್ಕೆ ತುಂಬಿ, ಅವರ ನಡುವೆ ಇಂಗ್ಲಿಷ್ ಮನೆಮಾತಿನ ಒಂದು ಮಗುವೂ ಇಲ್ಲದಂತೆ ಮಾಡಿ, ಆಮೇಲೆ "ಯಾಕೆ ಸ್ಪ್ಯಾನಿಷ್ ಮಾತಾಡ್ತೀರಿ?" ಅಂತ ಹೊಡೆಯೋದು. ಕೊನೆಗೆ "ನೋಡಿ, ಇವರ ಇಂಗ್ಲಿಷ್ ಎಷ್ಟು ಕಚ್ಚಾ" ಅಂತ ದೂರೋದು. ಭಾಷೆಯ ಹೆಸರಲ್ಲಿ ಬೇರೆ ಮಾಡಿ, ಬೇರೆ ಮಾಡಿದ್ದರ ಫಲವನ್ನೇ ಮತ್ತೆ ಭಾಷೆಯ ತಲೆಗೆ ಕಟ್ಟುವ ಚಕ್ರ ಇದು.

1948ರಲ್ಲೇ ಡೆಲ್ಗಾಡೋ ಮೊಕದ್ದಮೆಯಲ್ಲಿ ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಹೀಗೆ ಬೇರೆ ಶಾಲೆಗೆ ಹಾಕೋದು ಕಾನೂನುಬಾಹಿರ ಅಂತ ಹೇಳಿತು. ಇಂಗ್ಲಿಷ್ ಬಾರದವರಿಗೆ ಒಂದನೇ ತರಗತಿಯಲ್ಲಿ ಮಾತ್ರ, ಅದೂ ಅದೇ ಶಾಲೆಯ ಆವರಣದಲ್ಲಿ, ಸರಿಯಾದ ಪರೀಕ್ಷೆ ಮಾಡಿ ಬೇರೆ ಕೂರಿಸಬಹುದು ಅಂತ ಒಂದು ಕಿಂಡಿ ಬಿಟ್ಟಿತು. ತೀರ್ಪು ಬಂತು, ಮಾರ್ಫಾದಲ್ಲಿ ಏನೂ ಆಗಲಿಲ್ಲ. ಬ್ಲ್ಯಾಕ್‌ವೆಲ್ ಶಾಲೆ ಮುಚ್ಚಿ ಎಲ್ಲ ಮಕ್ಕಳೂ ಒಟ್ಟಿಗೆ ಕೂತದ್ದು 1965ರಲ್ಲಿ. ನಡುವೆ ಹದಿನೇಳು ವರ್ಷ. ಕೋರ್ಟಿನಲ್ಲಿ ಗೆದ್ದೆವು ಅಂತ ಸ್ಟೇಟಸ್ ಹಾಕಿ ಮಲಗಿಬಿಡುವ ನಮ್ಮಂಥವರು ಈ ಹದಿನೇಳು ವರ್ಷವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

1954 ಅಂದೆವಲ್ಲ, ಆ ವರ್ಷದ ಮೇ ತಿಂಗಳಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಬ್ರೌನ್ ಮೊಕದ್ದಮೆಯ ತೀರ್ಪು ಕೊಟ್ಟಿದ್ದು. ಶಾಲೆಗಳಲ್ಲಿ ಜನಾಂಗದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಇಡೀ ಜಗತ್ತಿಗೆ ಕೇಳುವಂತೆ ಹೇಳಿತು. ಅದೇ ವರ್ಷ ಮಾರ್ಫಾದಲ್ಲಿ ಗುಂಡಿ ತೋಡುತ್ತಿದ್ದರು. ಇನ್ನೂ ತಮಾಷೆ ಕೇಳಿ. ಮರುವರ್ಷ, 1955ರಲ್ಲಿ, ಹಾಲಿವುಡ್‌ನವರು 'ಜೈಂಟ್' ಸಿನಿಮಾ ತೆಗೆಯೋಕೆ ಇದೇ ಮಾರ್ಫಾಕ್ಕೆ ಬಂದರು. ಎಲಿಜಬೆತ್ ಟೇಲರ್, ರಾಕ್ ಹಡ್ಸನ್, ಜೇಮ್ಸ್ ಡೀನ್! ಆ ಸಿನಿಮಾದಲ್ಲಿ ಮೆಕ್ಸಿಕನ್ನರನ್ನು ಟೆಕ್ಸಸ್ ಹೇಗೆ ಕೀಳಾಗಿ ಕಂಡಿತು ಅನ್ನೋದು ಒಂದು ದೊಡ್ಡ ಎಳೆ. ಪರದೆಯ ಮೇಲಿನ ಅನ್ಯಾಯಕ್ಕೆ ದೇಶವೆಲ್ಲ ಮರುಗಿತು. ಸಿನಿಮಾ ತೆಗೆದ ಊರಿನ ಶಾಲೆಯಲ್ಲಿ ಮಕ್ಕಳು ಮನೆಮಾತಿಗೆ ಏಟು ತಿನ್ನುತ್ತಿದ್ದದ್ದು ಯಾವ ಕ್ಯಾಮೆರಾಕ್ಕೂ ಬೀಳಲಿಲ್ಲ.

ಏಟು ಅಂದರೆ ಬರೀ ಮಾತಿಗೆ ಅಂದಿದ್ದಲ್ಲ. ಸ್ಪ್ಯಾನಿಷ್ ಬಾಯಿಗೆ ಬಂದರೆ ಮರದ ಹಲಗೆಯಿಂದ ಹೊಡೆಯುತ್ತಿದ್ದರು ಅಂತ ಅಲ್ಲಿ ಓದಿದವರು ಹೇಳಿದ್ದಾರೆ. ಮಾರ್ಫಾ ಒಂದೇ ಅಲ್ಲ. ಅಮೆರಿಕದ ನೈಋತ್ಯ ರಾಜ್ಯಗಳ ಎಷ್ಟೋ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಬಾರದು ಅನ್ನೋ ನಿಯಮ ಇತ್ತು ಅಂತ ಆ ದೇಶದ ನಾಗರಿಕ ಹಕ್ಕುಗಳ ಆಯೋಗವೇ 1970ರ ದಶಕದ ಶುರುವಿನಲ್ಲಿ ವರದಿ ಮಾಡಿತು.

ಇದಕ್ಕೆ ಸಮಜಾಯಿಷಿ ಕೊಡೋರು ಅವತ್ತೂ ಇದ್ದರು, ಇವತ್ತೂ ಇದ್ದಾರೆ. ಒಂದೊಂದಾಗಿ ನೋಡಿ.

"ಅವತ್ತಿನ ಕಾನೂನೇ ಹಾಗಿತ್ತು, ಮೇಷ್ಟ್ರು ಏನು ಮಾಡ್ತಾರೆ?" ಅನ್ನುತ್ತಾರೆ. ಹೌದು, 1918ರಲ್ಲಿ ಟೆಕ್ಸಸ್ ಒಂದು ಕಾನೂನು ಮಾಡಿತ್ತು. ಸರಕಾರಿ ಶಾಲೆಯ ಪಾಠ ಇಂಗ್ಲಿಷಿನಲ್ಲೇ ಆಗಬೇಕು, ತಪ್ಪಿದರೆ ಅಪರಾಧ. ಆದರೆ ಆ ಕಾನೂನಿನ ದಂಡ ಇದ್ದದ್ದು ಕಲಿಸುವವರ ಮೇಲೆ. ಊಟದ ಬಿಡುವಿನಲ್ಲಿ ಒಂದು ಮಗು ಇನ್ನೊಂದು ಮಗುವಿಗೆ "ಬಾ, ಆಡೋಣ" ಅಂತ ತನ್ನ ಮಾತಲ್ಲಿ ಕರೆದರೆ ಹಲಗೆ ಎತ್ತಿ ಅಂತ ಅದು ಹೇಳಿರಲಿಲ್ಲ. ಹೂಳೋಕೆ ಗುಂಡಿ ತೋಡಿ ಅಂತಲೂ ಹೇಳಿರಲಿಲ್ಲ. ಅದು ಶಾಲೆಯ ಸ್ವಂತ ಉತ್ಸಾಹ. ಮೇಲಿಂದ ಒಂದು ಗೇಣು ಕಾನೂನು ಬಂದರೆ ಕೆಳಗೆ ಒಂದು ಮಾರು ಉತ್ಸಾಹ ಬೆಳೆಯೋದನ್ನ ನಾವೂ ಕಂಡಿದ್ದೇವೆ.

"ಮೇಷ್ಟ್ರುಗಳು ಕೆಟ್ಟವರೇನಲ್ಲ." ಸರಿ, ಒಪ್ಪಿದೆವು. ಬ್ಲ್ಯಾಕ್‌ವೆಲ್‌ನಲ್ಲಿ ಓದಿದವರಲ್ಲಿ ಶಾಲೆಯನ್ನು ಪ್ರೀತಿಯಿಂದ ನೆನೆಯುವವರೂ ಇದ್ದಾರೆ. ಒಳ್ಳೆ ಟೀಚರ್‌ಗಳು, ಬ್ಯಾಂಡು, ಆಟ, ಗೆಳೆತನ, ಎಲ್ಲ ಇತ್ತು. ನಮ್ಮ ತಕರಾರು ಇರೋದೇ ಇಲ್ಲಿ. ಆ ಮಣ್ಣು ಮಾಡುವ ಕಾರ್ಯ ಸಿಟ್ಟಿನಲ್ಲಿ ನಡೆದದ್ದಲ್ಲ, ಒಂದು ಚಟುವಟಿಕೆಯಂತೆ, ನಾಟಕದಂತೆ ನಡೆಯಿತು. ಹಲಗೆಯ ಏಟಿಗೆ ಮಗು ಅಳುತ್ತೆ, ಹೊಡೆದವರ ಮೇಲೆ ಒಳಗೊಳಗೇ ಸಿಟ್ಟಾಗುತ್ತೆ, ಮನೆಗೆ ಹೋಗಿ ಅಮ್ಮನ ಹತ್ತಿರ ಅದೇ ಮಾತಲ್ಲಿ ದೂರು ಹೇಳುತ್ತೆ. ಮಾತು ಉಳಿಯುತ್ತೆ. ಚೀಟಿ ಬರೆಸಿದಾಗ ಹಾಗಲ್ಲ. ಅಲ್ಲಿ ಬರೆದ ಕೈ ಮಗುವಿನದ್ದೇ. ಹೂಳುವುದನ್ನು ಸುತ್ತ ನಿಂತು ನೋಡಿದ್ದೂ ಅದೇ. ಬೇರೆ ಯಾರೋ ತನ್ನ ಮಾತನ್ನು ಕಸಿದುಕೊಂಡರು ಅಂತ ಹೇಳೋಕೂ ಆಗದ ಹಾಗೆ ಆ ಮಗುವನ್ನೇ ಸಾಕ್ಷಿ, ಅದನ್ನೇ ಗುಂಡಿ ತೋಡುವವನನ್ನಾಗಿ ಮಾಡಿದರು. ಆವತ್ತು ಸಂಜೆ ಮನೆಗೆ ಹೋಗಿ ಅಜ್ಜಿಯ ಹತ್ತಿರ ಯಾವ ಬಾಯಿಂದ ಮಾತಾಡಬೇಕು? ಅಜ್ಜಿಗೆ ಇಂಗ್ಲಿಷ್ ಬಾರದು. ಬೆಳಿಗ್ಗೆ ಹೂತು ಬಂದದ್ದೇ ಅಜ್ಜಿಯ ಮಾತು.

ಟೆಕ್ಸಸ್‌ನಲ್ಲಿ ಆ ತಲೆಮಾರಿನ ಎಷ್ಟೋ ಜನ ದೊಡ್ಡವರಾದ ಮೇಲೆ ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲೇ ಇಲ್ಲ. ನಾವು ತಿಂದ ಏಟು ಇವರು ತಿನ್ನೋದು ಬೇಡ ಅಂತ. ಪ್ರೀತಿಯಿಂದಲೇ ಮಾಡಿದ್ದು ಅದು. ಭಾಷೆ ಸಾಯೋದು ಹೀಗೆ. ಹೊಡೆದವರು ಯಾವತ್ತೋ ರಿಟೈರ್ ಆಗಿರುತ್ತಾರೆ. ಆಮೇಲಿನ ಕೆಲಸವನ್ನು ಅಪ್ಪ ಅಮ್ಮನೇ ಮುಗಿಸುತ್ತಾರೆ.

ಇನ್ನು ನಮ್ಮವರೇ ಹೇಳೋ ಒಂದು ಸಮಾಧಾನ ಇದೆ. "ಕನ್ನಡಕ್ಕೆ ಏನೂ ಆಗಲ್ಲ ಬಿಡ್ರೀ, ಎರಡು ಸಾವಿರ ವರ್ಷದ ಭಾಷೆ, ಶಾಸ್ತ್ರೀಯ ಸ್ಥಾನ ಇದೆ, ಎಂಟು ಜ್ಞಾನಪೀಠ ಇದೆ." ಮಾರ್ಫಾ ಕಡೆ ನೋಡಿ ಈ ಮಾತು ಹೇಳಿ. ಅಲ್ಲಿ ಹೂತದ್ದು ಯಾವುದೋ ಬೆಟ್ಟದ ಮೂಲೆಯ ನೂರು ಜನರ ನುಡಿಯಲ್ಲ. ಸ್ಪ್ಯಾನಿಷ್! ಸರ್ವಾಂಟಿಸ್ ಬರೆದ ಭಾಷೆ. ಇಪ್ಪತ್ತು ದೇಶಗಳ ಆಡಳಿತ ಭಾಷೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ನೂರು ಕಿಲೋಮೀಟರು ಆಚೆ ಹೋದರೆ ಪೊಲೀಸು, ನ್ಯಾಯಾಧೀಶ, ಅಧ್ಯಕ್ಷ ಎಲ್ಲ ಅದರಲ್ಲೇ ಮಾತಾಡೋರು. ಅದ್ಯಾವುದೂ ಮಾರ್ಫಾದ ಶಾಲೆಯ ಅಂಗಳದಲ್ಲಿ ಒಂದು ಮಗುವಿನ ಕೈಯನ್ನು ಹಿಡಿಯಲಿಲ್ಲ. ಭಾಷೆಯ ಬಲ ಲೆಕ್ಕಕ್ಕೆ ಬರೋದು ಆ ಮಗು ಕೂತ ಬೆಂಚಿನಲ್ಲಿ. ಆ ತರಗತಿಯಲ್ಲಿ ಅದರ ಮಾತು ಬಲ್ಲ ಟೀಚರ್ ಇದ್ದಾರಾ, ಆ ಮಾತಿನ ಪುಸ್ತಕ ಜೂನ್ ತಿಂಗಳಲ್ಲಿ ಕೈಗೆ ಬರುತ್ತಾ, ಪರೀಕ್ಷೆಯ ಪ್ರಶ್ನೆಪತ್ರಿಕೆ ಅರ್ಥವಾಗೋ ಭಾಷೆಯಲ್ಲಿ ಇರುತ್ತಾ? ಬೆಂಗಳೂರಿನಲ್ಲಿ ನಡೆಯುವ ರಾಜ್ಯೋತ್ಸವದ ಮೆರವಣಿಗೆಗೂ ಗಡಿಯ ಆ ಬೆಂಚಿಗೂ ಸಂಬಂಧ ಇಲ್ಲ.

ನಮ್ಮ ದೇಶದ ಸಂವಿಧಾನ ಈ ವಿಷಯದಲ್ಲಿ ಅವತ್ತಿನ ಟೆಕ್ಸಸ್‌ಗಿಂತ ಎಷ್ಟೋ ಮುಂದಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಭಾಷಾವಾರು ರಾಜ್ಯ ಮಾಡಿದ 1956ರಲ್ಲೇ ಏಳನೇ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸೋಕೆ ಸಾಕಷ್ಟು ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅನ್ನುತ್ತೆ ಅದು. 'ಪ್ರಯತ್ನಿಸಬೇಕು' ಅನ್ನೋ ಆ ಒಂದು ಪದದ ಸಂದಿಯಲ್ಲೇ ಎಲ್ಲರೂ ನುಸುಳಿಕೊಳ್ಳುತ್ತಾರೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ, ಕೇರಳದಲ್ಲಿ 2017ರ ಮಲಯಾಳ ಕಡ್ಡಾಯ ಕಾಯ್ದೆ, ಮಹಾರಾಷ್ಟ್ರದಲ್ಲಿ 2020ರ ಮರಾಠಿ ಕಡ್ಡಾಯ ಕಾಯ್ದೆ. ರಾಜ್ಯದ ಭಾಷೆ ಕಲಿಯೋದಕ್ಕೆ ನಮ್ಮ ವಿರೋಧ ಇಲ್ಲ. ಕಲಿಯಲೇಬೇಕು, ತಾಲೂಕು ಕಚೇರಿಯಿಂದ ನೌಕರಿಯವರೆಗೆ ಅದು ಬೇಕು. ಮಾರ್ಫಾದ ತಾಯಿತಂದೆಯರೂ ತಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕು ಅಂತಲೇ ಆಸೆಪಟ್ಟು ಶಾಲೆಗೆ ಕಳಿಸಿದ್ದು. ಅವರು ಇನ್ನೊಂದು ಮಾತನ್ನು ಕಲಿಸಿ ಅಂದರು, ಶಾಲೆ ಇದ್ದ ಮಾತನ್ನು ಹೂತಿತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡದ ಗಂಧವೇ ಇಲ್ಲದ ಶಿಕ್ಷಕರನ್ನು ಕಳಿಸಿ, "ಮಕ್ಕಳೇ ಹೊಂದಿಕೊಳ್ಳಲಿ" ಅಂದರೆ ಅದಕ್ಕೆ ಗುಂಡಿ ಬೇಡ, ಪೆಟ್ಟಿಗೆಯೂ ಬೇಡ. ಕೆಲಸ ಅದೇ.

ಇಷ್ಟು ಹೇಳಿದ ಮೇಲೆ ನಮ್ಮವರಿಗೆ ಹಿಡಿಸದ ಎರಡು ಮಾತನ್ನೂ ಹೇಳಬೇಕು. ಕರ್ನಾಟಕದ ಒಳಗೇ, ಕನ್ನಡದವರೇ ನಡೆಸುವ ಎಷ್ಟೋ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕೋದು, ತರಗತಿಯ ಹೊರಗೆ ನಿಲ್ಲಿಸೋದು ನಡೆದುಕೊಂಡು ಬಂದಿದೆ. ದುಡ್ಡು ಕೊಟ್ಟು ಆ ಶಾಲೆಗೆ ಕಳಿಸೋರೂ ನಾವೇ. ಇದಕ್ಕೆ ಯಾವ ಪರರಾಜ್ಯದ ಸರಕಾರವನ್ನು ಬೈಯೋಣ? ಎರಡನೆಯದು: ಬೆಳಗಾವಿಯ ಮರಾಠಿ ಮಗು, ಕೋಲಾರದ ತೆಲುಗು ಮಗು, ಕಲಬುರಗಿಯ ಉರ್ದು ಮಗು, ಕೊಡವ, ತುಳು, ಲಂಬಾಣಿ ಮನೆಯ ಮಗು. 350ಎ ಅವರದ್ದೂ ಹೌದು. ಆ ಮಗುವಿನ ಬಾಯಿಗೆ ಬೀಗ ಹಾಕಿ ಅನ್ನೋ ಪೋಸ್ಟಿಗೆ ಲೈಕ್ ಒತ್ತಿ, ಮರುಗಳಿಗೆಯಲ್ಲಿ ಕಾಸರಗೋಡಿನ ಮಗುವಿಗಾಗಿ ಕಣ್ಣೀರು ಹಾಕೋಕೆ ಬರೋದಿಲ್ಲ. ಈ ಪೇಜಿನಲ್ಲಿ ಅಂಥದ್ದಕ್ಕೆ ಜಾಗ ಇಲ್ಲ. ಬೈಯೋರು ಬೈಯಬಹುದು.

ಟೆಕ್ಸಸ್‌ನಲ್ಲಿ ಎಲ್ಲರೂ ತಲೆತಗ್ಗಿಸಿಕೊಂಡೇ ಇರಲಿಲ್ಲ. ಮಾರ್ಫಾದಲ್ಲಿ ಪೆಟ್ಟಿಗೆ ಹೂತು ಹದಿನೈದು ವರ್ಷಕ್ಕೆ, 1969ರ ಡಿಸೆಂಬರ್‌ನಲ್ಲಿ, ಅದೇ ರಾಜ್ಯದ ಕ್ರಿಸ್ಟಲ್ ಸಿಟಿ ಅನ್ನೋ ಇನ್ನೊಂದು ಸಣ್ಣ ಊರಿನ ಮಕ್ಕಳು ತರಗತಿ ಬಿಟ್ಟು ಹೊರಗೆ ಬಂದರು. ಬಸಳೆಯ ಹಾಗಿನ ಪಾಲಕ್ ಸೊಪ್ಪಿಗೆ ಹೆಸರಾದ ಊರು ಅದು, ಪೇಟೆಯಲ್ಲಿ ಪೊಪಾಯ್‌ನ ಪ್ರತಿಮೆ ಇದೆ. ಊರಿನ ಹೆಚ್ಚಿನವರು ಮೆಕ್ಸಿಕನ್ ಮೂಲದವರು, ಆಡಳಿತ ಮಾತ್ರ ಬಿಳಿಯರ ಕೈಯಲ್ಲಿ. ಜಗಳ ಶುರುವಾದದ್ದು ಚಿಯರ್‌ಲೀಡರ್ ಆಯ್ಕೆಯಲ್ಲಿ ಅಂದರೆ ನಗು ಬರಬಹುದು. ಅದು ಹೋಗಿ ನಿಂತದ್ದು ಎರಡು ಭಾಷೆಯಲ್ಲಿ ಪಾಠ ಬೇಕು, ನಮ್ಮವರು ಟೀಚರ್ ಆಗಬೇಕು ಅನ್ನೋ ಬೇಡಿಕೆಗಳಲ್ಲಿ. ಹೈಸ್ಕೂಲಿನವರು ಮೊದಲು ಬಂದರು, ಜೂನಿಯರ್ ಹೈ ಮಕ್ಕಳೂ ಸೇರಿಕೊಂಡರು. ಅವರಲ್ಲಿ ಮೂವರು ವಾಷಿಂಗ್ಟನ್‌ವರೆಗೆ ಹೋಗಿ ಸೆನೆಟರ್‌ಗಳನ್ನು ಕಂಡು ಬಂದರು. ಜನವರಿಯಲ್ಲಿ ಶಾಲಾ ಮಂಡಳಿ ಬಗ್ಗಿತು. ಏಪ್ರಿಲ್‌ನಲ್ಲಿ ಚುನಾವಣೆ ಬಂದಾಗ ಮೆಕ್ಸಿಕನ್ ಮೂಲದವರು ಆ ಮಂಡಳಿಯ ಕುರ್ಚಿಗಳನ್ನೇ ಗೆದ್ದುಕೊಂಡರು. ಹದಿನೈದು, ಹದಿನಾರು, ಹದಿನೇಳು ವಯಸ್ಸಿನವರು! ನಮ್ಮ ಊರಿನ ಶಾಲಾಭಿವೃದ್ಧಿ ಸಮಿತಿ, ಪಿಟಿಎ ಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ಅಲ್ಲಿ ಕನ್ನಡ ವಿಭಾಗದ ಹಾಜರಾತಿ ಎಷ್ಟು ಅಂತ ಕೇಳಿದವರು ಯಾರು?

ಮಾರ್ಫಾದ ಮುಂದಿನ ಕತೆ ಇಷ್ಟು. ಶಾಲೆ ಮುಚ್ಚಿದ ಮೇಲೆ ಹಳೆ ಕಟ್ಟಡ ಹೇಗೋ ಉಳಿದುಕೊಂಡಿತು. ಊರು ಬದಲಾಯಿತು. ಡೊನಾಲ್ಡ್ ಜಡ್ ಅನ್ನೋ ಕಲಾವಿದ ಬಂದು ನೆಲೆಸಿದ ಮೇಲೆ ಮಾರ್ಫಾ ಕಲೆಯ ಊರು ಅಂತ ಹೆಸರಾಯಿತು. ದೂರದೂರದ ಪ್ರವಾಸಿಗರು ಈಗಲೂ ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಆ ಮಣ್ಣಿನ ಶಾಲೆಯೂ ಕೈತಪ್ಪಿ ಹೋಗುವ ಹೊತ್ತಿಗೆ ಅಲ್ಲಿ ಓದಿದವರೇ ಎದ್ದು ನಿಂತರು. ಬ್ಲ್ಯಾಕ್‌ವೆಲ್ ಸ್ಕೂಲ್ ಅಲೈಯನ್ಸ್ ಅಂತ ಸಂಘ ಕಟ್ಟಿಕೊಂಡು ಕಟ್ಟಡ ಉಳಿಸಿದರು, ಮನೆಮನೆಯಿಂದ ಫೋಟೋ, ನೆನಪು ಒಟ್ಟು ಮಾಡಿದರು. ಸರಕಾರ ಬಂದದ್ದು ಕೊನೆಯಲ್ಲಿ. 2007ರಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ನೆಲ ಅಗೆದು, ಹೂತದ್ದನ್ನು ಸಾಂಕೇತಿಕವಾಗಿ ಹೊರಗೆ ತೆಗೆದರು. ಈ ಸಲ ಪೆಟ್ಟಿಗೆಯಲ್ಲಿ ಚೀಟಿ ಇರಲಿಲ್ಲ, ಒಂದು ಸ್ಪ್ಯಾನಿಷ್ ನಿಘಂಟು ಇತ್ತು. ಮಕ್ಕಳಾಗಿ ಹೂತವರು ಅಜ್ಜ ಅಜ್ಜಿಯರಾಗಿ ತೆಗೆದರು. 2022ರ ಅಕ್ಟೋಬರ್ 17ರಂದು ಅಧ್ಯಕ್ಷ ಬೈಡನ್ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಮಾಡುವ ಕಾಯ್ದೆಗೆ ಸಹಿ ಹಾಕಿದರು. 2024ರ ಜುಲೈನಲ್ಲಿ ಅದು ವಿಧಿವತ್ತಾಗಿ ಜಾರಿಗೆ ಬಂತು.

"ಹಳೆ ಗಾಯ ಯಾಕೆ ಕೆದಕ್ತೀರಿ?" ಅಂತ ಅವರನ್ನೂ ಕೇಳಿದವರಿದ್ದಾರೆ, ನಮ್ಮನ್ನೂ ಕೇಳುತ್ತಾರೆ. ಈ ಪ್ರಶ್ನೆ ಕೇಳೋರು ಯಾವತ್ತೂ ಏಟು ತಿಂದ ಕಡೆಯವರಾಗಿರೋದಿಲ್ಲ, ನೋಡಿ ಬೇಕಾದರೆ.

ನಮಗೆ ಮ್ಯೂಸಿಯಂ ಬೇಡ. ಬೀಗ ಬಿದ್ದ ಮೇಲೆ ಕಟ್ಟಡಕ್ಕೆ ಫಲಕ ಹಾಕುವ ಗೌರವಕ್ಕಿಂತ, ಇವತ್ತು ಹನ್ನೊಂದು ಮಕ್ಕಳಿರೋ ಕನ್ನಡ ತರಗತಿ ಬರುವ ಜೂನ್‌ನಲ್ಲೂ ತೆರೆಯೋದು ದೊಡ್ಡದು. ಆದರೆ ತೆರೆದಿರೋದನ್ನು ಉಳಿಸಿಕೊಳ್ಳೋಕೂ ದಾಖಲೆ ಬೇಕು. ಇಲಾಖೆಯವರು "ಇಲ್ಲಿ ಕನ್ನಡ ಶಾಲೆ ಇತ್ತು ಅನ್ನೋದಕ್ಕೆ ಏನಿದೆ?" ಅಂದಾಗ ಬಾಯಿಮಾತು ನಿಲ್ಲೋದಿಲ್ಲ.

ಅದಕ್ಕೇ ಕೇಳುತ್ತಿದ್ದೇವೆ. ಈ ರಜೆಯಲ್ಲಿ ನಿಮ್ಮ ಊರಿನ ಕನ್ನಡ ಶಾಲೆಗೆ ಹೋಗಿ. ಮುಚ್ಚಿದ್ದರೂ ಸರಿ, ನಡೆಯುತ್ತಿದ್ದರೂ ಸರಿ. ಶುರುವಾದ ಇಸವಿ, ಗೋಡೆಯ ಮೇಲಿನ ಫಲಕದ ಫೋಟೋ, ಹಳೆ ಹಾಜರಿ ಪುಸ್ತಕದ ಒಂದು ಪುಟ, ಗ್ರೂಪ್ ಫೋಟೋ ಇದ್ದರೆ ಅದು, ಈಗ ಎಷ್ಟು ಮಕ್ಕಳು, ಕನ್ನಡ ಬಲ್ಲ ಶಿಕ್ಷಕರು ಎಷ್ಟು. ಅಲ್ಲಿ ಓದಿದ ಅಜ್ಜ, ಅಜ್ಜಿ, ದೊಡ್ಡಪ್ಪ ಯಾರಾದರೂ ಇದ್ದರೆ ಹತ್ತು ನಿಮಿಷ ಮಾತಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಕ್ಕಳ ಮುಖ, ಹೆಸರು ಮಾತ್ರ ಹಾಕಬೇಡಿ. ತಾಲೂಕು, ಊರು ಬರೆದು ನಮಗೆ ಕಳಿಸಿ. ಜತ್ತ, ತಾಳವಾಡಿ, ಮಡಕಶಿರಾ ಕಡೆಯಿಂದ ಇಲ್ಲಿವರೆಗೆ ಬಹಳ ಕಡಿಮೆ ಬಂದಿದೆ, ಆ ಕಡೆಯ ಗೆಳೆಯರು ಸ್ವಲ್ಪ ಮನಸ್ಸು ಮಾಡಿ.